ಶನಿವಾರದ ಸೀಗೆ

ಹೊಳೆನರಸೀಪುರದಲ್ಲಿ ನಾನು ಒಂಬತ್ತು ವರ್ಷ ಬಾಡಿಗೆಗಿದ್ದ ಮನೆ ಒಂದು ಹಿಟ್ಟಿನ ಮಿಲ್ಲಿನ ಮೇಲಿತ್ತು. ಕೆಳಗೆ ಮಿಷಿನ್ ಶುರುವಾದರೆ ಮೇಲೆ ಗೂಡಿನಲ್ಲಿದ್ದ ನನ್ನ ಪಾತ್ರೆಗಳು ನಡುಗುತ್ತಿದ್ದವು. ಹೊಸದರಲ್ಲಿ ಬೈದುಕೊಂಡೆ, ಆಮೇಲೆ ಅಭ್ಯಾಸವಾಯಿತು, ಕೊನೆಕೊನೆಗೆ ಕರೆಂಟು ಹೋಗಿ ಮಿಷಿನ್ ನಿಂತರೆ ಮನೆಯಲ್ಲಿ ಯಾರೋ ಇಲ್ಲದ ಹಾಗೆ ಅನಿಸುತ್ತಿತ್ತು. ಆ ಮಿಲ್ಲು ನಡೆಸುತ್ತಿದ್ದವರು ಗಂಡನನ್ನು ಬೇಗ ಕಳೆದುಕೊಂಡಿದ್ದ ಒಬ್ಬ ಹೆಣ್ಣುಮಗಳು. ಬೀದಿಗೆಲ್ಲ ಅವರು ಮಿಲ್ಲಿನಕ್ಕ. ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಹೋದ ತಿಂಗಳು ತೀರಿಕೊಂಡರು. ಅವರು ಬದುಕಿದ್ದಾಗ ಅವರ ಹೆಸರು ಉಳಿಸುವುದು ನನ್ನ ಕೈಯಲ್ಲಿತ್ತು, ಉಳಿಸಲಿಲ್ಲ. ಈಗ ಅದನ್ನು ಅಚ್ಚಿನಲ್ಲಿ ಹಾಕಿಸಿ ದೊಡ್ಡಸ್ತಿಕೆ ತೋರಿಸುವುದು ನನಗೆ ಸರಿಬರುವುದಿಲ್ಲ.

ನಮ್ಮಿಬ್ಬರ ಪರಿಚಯವಾದದ್ದು ನನ್ನ ತಲೆಹೊಟ್ಟಿನಿಂದ. ತಲೆಹೊಟ್ಟು ಅನ್ನುವುದು ನಗೆಪಾಟಲಿನ ಕಾಯಿಲೆ. ಅದರಿಂದ ಯಾರೂ ಸಾಯುವುದಿಲ್ಲ, ಹಾಗಾಗಿ ಯಾರೂ ಅಯ್ಯೋ ಅನ್ನುವುದೂ ಇಲ್ಲ. ಅರಕಲಗೂಡಿನಲ್ಲಿ ಹೈಸ್ಕೂಲು ಓದುವಾಗ ಶುರುವಾದದ್ದು, ನೌಕರಿ ಸಿಕ್ಕಿ ಹೊಳೆನರಸೀಪುರಕ್ಕೆ ಬರುವ ಹೊತ್ತಿಗೆ ನಾನು ಕಪ್ಪು, ನೀಲಿ, ಮರೂನ್ ಬಣ್ಣದ ರವಿಕೆಗಳನ್ನೇ ಬಿಟ್ಟುಬಿಟ್ಟಿದ್ದೆ. ಕಚೇರಿಯಲ್ಲಿ ಕಡತದ ಮೇಲೆ ಬಗ್ಗಿದರೆ ಬಿಳಿ ಪುಡಿ ಉದುರುತ್ತಿತ್ತು. ಸಾಹೇಬರು ಒಮ್ಮೆ ಅದನ್ನು ಊದಿ ಸಹಿ ಹಾಕಿದ್ದನ್ನು ನೋಡಿ ಬಚ್ಚಲಮನೆಗೆ ಹೋಗಿ ಅತ್ತಿದ್ದೆ. ಬಣ್ಣಬಣ್ಣದ ಶಾಂಪೂ ಬಾಟಲಿಗಳು ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ಒಂದೊಂದೂ ಒಂದು ವಾರ ಕೆಲಸ ಮಾಡಿ ರಜೆ ಹಾಕುತ್ತಿತ್ತು.

ಒಂದು ದಿನ ರಾಗಿ ಬೀಸಿಸಲು ಕೆಳಗೆ ಇಳಿದಿದ್ದೆ. ಅಕ್ಕ ತಲೆಯಿಂದ ಕಾಲಿನವರೆಗೆ ಬೂದು ಬಣ್ಣವಾಗಿ ನಿಂತಿದ್ದರು. ನನ್ನನ್ನೇ ನೋಡಿ, "ನನ್ ಎಗಲ್ ಮ್ಯಾಗಿರೋದು ರಾಗಿ, ಕೊಡವುದ್ರೆ ಓಯ್ತದೆ. ನಿಂದು ಎಷ್ಟ್ ವರ್ಸದ್ದವ್ವ?" ಅಂದರು. ಸುತ್ತ ನಾಲ್ಕು ಜನ ಇದ್ದರು. ನಾನು ಹಿಟ್ಟಿನ ಡಬ್ಬ ಎತ್ತಿಕೊಂಡು ದಡದಡ ಮೇಲೆ ಹತ್ತಿದೆ. ಒಂದು ವಾರ ಅವರ ಮುಖ ನೋಡಲಿಲ್ಲ. ಆಮೇಲೆ ನಾನಾಗಿಯೇ ಇಳಿದು ಹೋದೆ, ಏಕೆಂದರೆ ಅಷ್ಟು ವರ್ಷದಲ್ಲಿ ಎಷ್ಟು ವರ್ಷದ್ದು ಎಂದು ಕೇಳಿದವರು ಅವರೊಬ್ಬರೇ.

ಬಾಗಿಲ ಬೆಳಕಿಗೆ ಒಂದು ಖಾಲಿ ಡಬ್ಬ ಬೋರಲು ಹಾಕಿ ಕೂರಿಸಿದರು. ಮೊದಲು ಕೈ ತೊಳೆದರು, ಮೊಣಕೈವರೆಗೆ. ಬಾಚಣಿಗೆಯ ಹಿಡಿಯಿಂದ ಕೂದಲು ಸೀಳಿ ಸೀಳಿ ನೋಡಿದರು. ಉದುರಿದ್ದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು, ಜಿಡ್ಡೋ ಒಣಕಲೋ ಅಂತ. ಎಣ್ಣೆ ಎಷ್ಟು ಹಾಕುತ್ತೀಯ ಅಂತ ಕೇಳಿದರು. ನಾನು ಹೆಮ್ಮೆಯಿಂದ, ದಿನಾ ಬೆಳಿಗ್ಗೆ, ನಮ್ಮಮ್ಮ ಹೇಳಿಕೊಟ್ಟ ಹಾಗೆ, ನೆತ್ತಿ ತಣ್ಣಗಾಗುವಷ್ಟು ಅಂದೆ.

"ತಲೆ ಒಟ್ಟಿಗೆ ಎಣ್ಣೆ ಉಣ್ಸಿ ಸಾಕ್ತಾ ಇದೀಯೆ," ಅಂದರು. "ಬುಡು ಅದ್ನ."

ಅವರ ಔಷಧಿಯಲ್ಲಿ ಗುಟ್ಟಿನದೇನೂ ಇರಲಿಲ್ಲ, ಬೀದಿಯಲ್ಲಿ ಯಾರು ಕೇಳಿದರೂ ಹೇಳುತ್ತಿದ್ದರು. ಎರಡು ಚಮಚ ಮೆಂತ್ಯ ರಾತ್ರಿ ನೆನೆಹಾಕಿ ಬೆಳಿಗ್ಗೆ ರುಬ್ಬು, ಹುಳಿ ಮೊಸರಿನಲ್ಲಿ ಕಲಸು, ನೆತ್ತಿಗೆ ಹಚ್ಚಿ ಇಪ್ಪತ್ತು ನಿಮಿಷ ಬಿಡು. ಒಣಗಿ ಕಿತ್ತುಕೊಳ್ಳುವ ತನಕ ಬಿಡಬೇಡ. ಸೀಗೆಪುಡಿಯನ್ನು ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ ಸೋಸಿಕೊಂಡು ತೊಳೆ. ಉಗುರು ತಾಗಿಸಬೇಡ, ಬೆರಳ ತುದಿ ಸಾಕು. ನೀರು ಬೆಚ್ಚಗಿರಲಿ, ಸುಡುವುದು ಬೇಡ. ಕೊನೆಯ ಚೊಂಬು ಬೇವಿನೆಲೆ ಕುದಿಸಿ ಆರಿಸಿದ ನೀರು. ವಾರಕ್ಕೆ ಎರಡು ಸಲ. ಎಣ್ಣೆ ಬೇಕೇ ಬೇಕು ಅಂದರೆ ತೊಳೆಯುವುದಕ್ಕೆ ಒಂದು ಗಂಟೆ ಮುಂಚೆ ಸ್ವಲ್ಪ ಕೊಬ್ಬರಿ ಎಣ್ಣೆ, ಆಮೇಲೆ ಒಂದು ಹನಿಯೂ ಉಳಿಯಬಾರದು. ಬಾಚಣಿಗೆ ಯಾರಿಗೂ ಕೊಡಬೇಡ, ಯಾರದ್ದೂ ಮುಟ್ಟಬೇಡ. ದಿಂಬಿನ ಬಟ್ಟೆ ವಾರಕ್ಕೊಮ್ಮೆ ಬಿಸಿನೀರಿಗೆ ಹಾಕು. ಒದ್ದೆ ತಲೆ ಗಂಟು ಕಟ್ಟಬೇಡ. ಈ ಕೊನೆಯದನ್ನು ಮಾತ್ರ ಅವರು ಮೂರು ಸಲ ಹೇಳುತ್ತಿದ್ದರು.

"ತಲೆ ಅಂದ್ರೆ ಚರ್ಮ ಕಣವ್ವ, ಕೂದ್ಲಲ್ಲ. ಜನ ಬರೀ ಕೂದ್ಲ ತ್ವಳೀತಾರೆ," ಅನ್ನುವುದು ಅವರ ಮಾತು.

ಎರಡು ತಿಂಗಳಲ್ಲಿ ನಾನು ಕಪ್ಪು ರವಿಕೆ ಹೊಲಿಸಿಕೊಂಡೆ. ಅದನ್ನು ತೊಟ್ಟುಕೊಂಡು ಮೊದಲು ಹೋದದ್ದು ಕೆಳಗಿನ ಮಿಲ್ಲಿಗೆ. ಅಕ್ಕ ಹಿಂದೆ ಮುಂದೆ ತಿರುಗಿಸಿ ನೋಡಿ, ಹೊಲಿಗೆ ಸರಿಯಿಲ್ಲ, ದರ್ಜಿಗೆ ಬಯ್ಯಿ ಅಂದರು. ಅವರು ಹೊಗಳುತ್ತಿದ್ದದ್ದು ಹಾಗೆ.

ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರಿ ಅಂತ ಎಷ್ಟೋ ಜನ ಹೇಳಿದ್ದರು, ನಾನೂ ಹೇಳಿದ್ದೆ. ಯಾರ ತಲೆಗೆ ಅಂತ ಗೊತ್ತಿಲ್ಲದೆ ಪುಡಿ ಮಾಡುವುದು ಹೇಗೆ ಅನ್ನುತ್ತಿದ್ದರು. ಸೀಗೆಕಾಯಿ ಜನವೇ ತರಬೇಕು. ಇವರು ತಲೆ ನೋಡಿ, ಜಿಡ್ಡಿನ ತಲೆಗೆ ಅಂಟುವಾಳ ಜಾಸ್ತಿ, ಒಣಕಲಿಗೆ ಮೆಂತ್ಯ, ಹೆಸರುಕಾಳು, ಒಣಗಿಸಿದ ದಾಸವಾಳದ ಎಲೆ ಸೇರಿಸಿ, ಕೈಯಲ್ಲೇ ಕಲಸಿ ಮಿಷಿನ್ನಿಗೆ ಹಾಕುತ್ತಿದ್ದರು. ತಮ್ಮದಲ್ಲದ ತಲೆಯನ್ನು ಬಿಟ್ಟುಕೊಡುವುದೂ ಅವರಿಗೆ ಗೊತ್ತಿತ್ತು. ಒಬ್ಬ ಪೊಲೀಸಪ್ಪ ಟೋಪಿ ಕಂಕುಳಲ್ಲಿಟ್ಟುಕೊಂಡು ಬಂದು ಕೂತಿದ್ದ. ಅವನ ನೆತ್ತಿಯಲ್ಲಿ ನಾಣ್ಯದಗಲ ಬೆಳ್ಳಿ ಬಣ್ಣದ ಪೊರೆ. ಅಕ್ಕ ಬಾಚಣಿಗೆ ಕೆಳಗಿಟ್ಟು, "ಇದು ತಲೆ ಒಟ್ಟಲ್ಲ ಸಾ. ಆಸನಕ್ಕೋಗಿ ಚರ್ಮದ್ ಡಾಕ್ಟ್ರಿಗೆ ತೋರ್ಸಿ. ನಾನ್ ಮುಟ್ಟಾಕಿಲ್ಲ," ಅಂದರು. ಅವನು ಮೊಸರಾದರೂ ಹಚ್ಚಲೇ ಅಂತ ಕೇಳಿದ. ಊಟಕ್ಕೆ ಹಾಕ್ಕೊಳ್ಳಿ ಅಂದರು.

ಇನ್ನು ಮಿಷಿನ್ನಿನ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಮಿಲ್ಲಿನಲ್ಲಿ ಎರಡು ಮಿಷಿನ್. ದೊಡ್ಡದು ರಾಗಿ, ಅಕ್ಕಿ, ಗೋಧಿಗೆ. ಚಿಕ್ಕದು ಖಾರದಪುಡಿಗೂ ಅದೇ, ಸೀಗೆಗೂ ಅದೇ. ಸೋಮವಾರದಿಂದ ಗುರುವಾರದವರೆಗೆ ಮೆಣಸಿನಕಾಯಿ, ಧನಿಯ. ಶುಕ್ರವಾರ ಅದಕ್ಕೆ ರಜೆ. ಅಂದು ಮಧ್ಯಾಹ್ನ ಅಕ್ಕ ಅದರ ಹೊಟ್ಟೆ ಬಿಚ್ಚಿ, ಜರಡಿ ಹೊರಗೆ ತೆಗೆದು, ಬ್ರಷ್ಷಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಮತ್ತೆ ಜೋಡಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಮೊದಲ ಸೀಗೆ ಹಾಕುವ ಮುಂಚೆ ಅಕ್ಕಿನುಚ್ಚು ಎರಡು ಸೇರು ಹಾಕಿ ಓಡಿಸಬೇಕು. ಬಂದ ಹಿಟ್ಟನ್ನು ಹಿತ್ತಲ ಗುಂಡಿಗೆ ಸುರಿಯಬೇಕು. ಇನ್ನೊಂದು ಸಲ ಓಡಿಸಬೇಕು. ಎರಡನೇ ಹಿಟ್ಟನ್ನು ನಾಲಗೆಗೆ ಮುಟ್ಟಿಸಿ, ಖಾರ ಇಲ್ಲ ಅಂದ ಮೇಲೇ ಸೀಗೆ. ಜರಡಿಯ ಅಂಚಿನಲ್ಲಿ, ಕಣ್ಣಿಗೆ ಕಾಣದ ಸಂದಿಯಲ್ಲಿ ಖಾರ ಕೂತಿರುತ್ತದೆ, ನುಚ್ಚು ಅದನ್ನು ಎಳೆದುಕೊಂಡು ಬರುತ್ತದೆ. ಶನಿವಾರ ಇಡೀ ಬೀದಿ ಸೀನುತ್ತಿತ್ತು, ಆದರೆ ಅಕ್ಕನ ಸೀಗೆಯಿಂದ ಒಂದು ಮಗುವಿಗೂ ನೆತ್ತಿ ಉರಿದಿರಲಿಲ್ಲ. ಚನ್ನರಾಯಪಟ್ಟಣದ ಕಡೆಯಿಂದಲೂ ಬಾಣಂತಿಯರ ಮನೆಯವರು ಸೀಗೆ ಹೊತ್ತು ತರುತ್ತಿದ್ದದ್ದು ಅದಕ್ಕೇ.

ಅಕ್ಕನ ಜೊತೆ ಸೇರಿ ಸೇರಿ ನಾನೂ ಸ್ವಿಚ್ಚು ಹಾಕುವುದು, ಬೆಲ್ಟು ಬಿಗಿಮಾಡುವುದು ಕಲಿತಿದ್ದೆ. ಅವರಿಗೆ ಎಲ್ಲಿಗಾದರೂ ಹೋಗಬೇಕಾದರೆ ರಜೆಯ ದಿನ ನಾನು ನೋಡಿಕೊಳ್ಳುತ್ತಿದ್ದೆ. ಬಂದ ಹೆಂಗಸರು ಚಿಕ್ಕಕ್ಕ ಅನ್ನುತ್ತಿದ್ದರು. ಕಚೇರಿಯಲ್ಲಿ ಯಾರೂ ನನ್ನನ್ನು ಹೆಸರು ಹಿಡಿದೂ ಕರೆಯದಿದ್ದ ಕಾಲ ಅದು, ಹಾಗಾಗಿ ಆ ಚಿಕ್ಕಕ್ಕ ಅನ್ನುವುದು ನನಗೆ ಬಹಳ ಇಷ್ಟವಾಗುತ್ತಿತ್ತು.

ಒಂದು ಶುಕ್ರವಾರ ಸಂಜೆ ಹೋಟೆಲಿನವನೊಬ್ಬ ಬಂದು, ನಾಳೆ ದೊಡ್ಡ ಊಟದ ಆರ್ಡರಿದೆ, ಖಾರದಪುಡಿ ಇಲ್ಲ ಅಂತ ಅಂಗಲಾಚಿದ. ಮಿಷಿನ್ ಒರೆಸಿ ಆಗಿತ್ತು. ಅಕ್ಕ ಒಲ್ಲೆ ಒಲ್ಲೆ ಅಂತಲೇ ಬೀಸಿಕೊಟ್ಟರು, ಮತ್ತೆ ಬಿಚ್ಚಿ ಒರೆಸಿದರು. ಅಷ್ಟರಲ್ಲಿ ನಮ್ಮ ಬೀದಿಯ ಕೊನೆಯ ಮನೆಯಾಕೆ ಸೀಗೆ ತಂದರು. ಅವರ ಮಗಳು ನಾಲ್ಕನೇ ಕ್ಲಾಸು. ಹೊಟ್ಟಿನ ಕಡಿತಕ್ಕೆ ಕೆರೆದುಕೊಂಡು ಕೆರೆದುಕೊಂಡು ನೆತ್ತಿ ಹಸಿಯಾಗಿತ್ತು. ಅಕ್ಕ ಆ ಮಗುವಿನ ತಲೆಯನ್ನು ಎರಡು ತಿಂಗಳಿಂದ ನೋಡುತ್ತಿದ್ದರು, ಮುಕ್ಕಾಲು ಪಾಲು ವಾಸಿಯಾಗಿತ್ತು. ಆ ಸೀಗೆಗೆ ಮೆಂತ್ಯ, ದಾಸವಾಳದ ಎಲೆ ಸೇರಿಸಿ, ಕೈಯಾರೆ ಕಲಸಿ ಗಂಟು ಕಟ್ಟಿ, ನಾಳೆ ಇದನ್ನೇ ಮೊದಲು ಹಾಕೋಣ ಅಂತ ಮೇಲಿಟ್ಟರು. ಅದಾದ ಮೇಲೆ ಅರಕಲಗೂಡಿನಿಂದ ಫೋನ್ ಬಂತು, ಅವರ ಚಿಕ್ಕಮ್ಮನಿಗೆ ಹುಷಾರಿಲ್ಲ ಅಂತ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರು. ಎರಡನೇ ಶನಿವಾರ, ನನಗೆ ರಜೆ. ಮೆಟ್ಟಿಲ ಕೆಳಗೆ ನಿಂತು ನನಗೆ ಹೇಳಿದರು, ನುಚ್ಚು ಎರಡು ಸಲ ಓಡಿಸು, ಒಂದು ಸಲ ಅಲ್ಲ, ಎರಡು.

ಹತ್ತು ಗಂಟೆಗೆ ಕರೆಂಟು ಹೋಗುತ್ತದೆ ಅಂತ ಕರೆಂಟ್ ಆಫೀಸಿನವರು ಹೇಳಿದ್ದರು. ನಾನು ಕೆಳಗಿಳಿಯುವಾಗಲೇ ಒಂಬತ್ತು ದಾಟಿತ್ತು, ಆರು ಜನ ಹೆಂಗಸರು ಗಂಟು ಹಿಡಿದು ನಿಂತಿದ್ದರು. ಮಿಷಿನ್ ಬಾಗಿಲು ತೆಗೆದು ಇಣುಕಿದೆ. ಲಕಲಕ ಅನ್ನುತ್ತಿತ್ತು. ಅಕ್ಕ ನಿನ್ನೆ ಎರಡು ಸಲ ಒರೆಸಿದ್ದಾರಲ್ಲ ಅಂದುಕೊಂಡೆ. ನುಚ್ಚಿನ ಡಬ್ಬಕ್ಕೆ ಕೈ ಹಾಕಿದವಳು ಖಾಲಿ ಕೈಯನ್ನೇ ಹಿಂದಕ್ಕೆ ತೆಗೆದುಬಿಟ್ಟೆ. ಎರಡು ಸಲ ಇರಲಿ, ಒಂದು ಸಲವೂ ಓಡಿಸಲಿಲ್ಲ. ಮೇಲಿಟ್ಟಿದ್ದ ಗಂಟು ಬಿಚ್ಚಿ ಮೊದಲು ಅದನ್ನೇ ಸುರಿದೆ.

ಭಾನುವಾರ ಬೆಳಿಗ್ಗೆ ಮಹಡಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಾ ಕೂತಿದ್ದೆ. ಬೀದಿಯ ಕೊನೆಯಿಂದ ಮಗು ಕಿರುಚಿದ್ದು ಕೇಳಿಸಿತು. ಮಕ್ಕಳು ಎಣ್ಣೆನೀರಿಗೆ ಅಳುವುದು ಹೊಸತಲ್ಲ. ಆದರೆ ಇದು ನಿಲ್ಲಲೇ ಇಲ್ಲ. ಅಪ್ಪ ಎತ್ತಿಕೊಂಡು ಓಡಿದ್ದನ್ನು ಮೇಲಿನಿಂದಲೇ ನೋಡಿದೆ. ಮಗುವಿನ ತಲೆಯಿಂದ ನೀರು ಸುರಿಯುತ್ತಿತ್ತು, ಎರಡು ಕೈಯಿಂದಲೂ ಕಣ್ಣು ಮುಚ್ಚಿಕೊಂಡಿತ್ತು. ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ನಾನು ಯಾವತ್ತೂ ಹೇಳಲಾರೆ.

ಕಣ್ಣು ಉಳಿಯಿತು. ಹಾಸನದ ಡಾಕ್ಟರು ದೃಷ್ಟಿಗೆ ಏನೂ ಆಗಿಲ್ಲ ಅಂದರು. ನೆತ್ತಿ ಗುಳ್ಳೆ ಎದ್ದು, ಒಂದು ಕಡೆ ಅಂಗೈಯಗಲ ಕೂದಲು ಉದುರಿತು, ಆರು ತಿಂಗಳಿಗೆ ಮತ್ತೆ ಬಂತು. ಆದರೆ ಸೋಮವಾರ ಬೆಳಿಗ್ಗೆ ಇದು ಯಾವುದೂ ಗೊತ್ತಿರಲಿಲ್ಲ. ಮಗುವಿನ ತಂದೆ ತಾಯಿ ಮಿಲ್ಲಿಗೆ ಬಂದರು. ಹೊಲಮನೆ ಜೋರಾಗಿದ್ದ ಮನೆಯವರು, ತಂದೆಯ ಮಾತೂ ಜೋರು. ಆದರೆ ಅಂದು ಆತ ಕೂಗಲಿಲ್ಲ. ತಾಯಿ ಸೀಗೆಪುಡಿಯ ಡಬ್ಬ ಅಕ್ಕನ ಮುಂದಿಟ್ಟರು. ಅಕ್ಕ ಹಿಂದಿನ ರಾತ್ರಿ ತಾನೇ ಅರಕಲಗೂಡಿನಿಂದ ಬಂದಿದ್ದರು. ಒಂದು ಚಿಟಿಕೆ ನಾಲಗೆಗೆ ಮುಟ್ಟಿಸಿ, ಖಾರ ಐತೆ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನುಚ್ಚು ಓಡ್ಸಿದ್ದಾ ಮಗಾ?"

"ಓಡಿಸಿದ್ದೆ ಅಕ್ಕ. ಎರಡು ಸಲ."

ಎರಡು ಸಲ ಅಂತ ಸೇರಿಸಿದ್ದು ಯಾಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ತಂದೆಯ ಮುಖ ನೋಡಿ ಹೆದರಿದೆ ಅನ್ನಬಹುದು. ನೌಕರಿ, ಪೊಲೀಸು, ಊರಿನ ಬಾಯಿ, ಎಲ್ಲ ಒಟ್ಟಿಗೆ ತಲೆಗೆ ಬಂದವು ಅನ್ನಬಹುದು. ಬರೀ ಓಡಿಸಿದ್ದೆ ಅಂದಿದ್ದರೂ ಸುಳ್ಳೇ, ಆದರೆ ಎರಡು ಸಲ ಅಂದದ್ದು ಅವರ ಮಾತನ್ನೇ ತೆಗೆದು ಅವರಿಗೆ ಹೊಡೆದ ಹಾಗೆ. ಅಕ್ಕ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆ ತಾಯಿಯ ಕಾಲು ಮುಟ್ಟಲು ಬಗ್ಗಿದರು, ಆಕೆ ಹಿಂದೆ ಸರಿದರು.

"ತೆಪ್ಪು ನಂದೇ ಕಣವ್ವ," ಅಂದರು ಅಕ್ಕ. "ಸುಕ್ರಾರ ಖಾರ ಬೀಸ್ಬಾರ್ದಾಗಿತ್ತು."

ಆ ವಾರದ ಶನಿವಾರ ಚಿಕ್ಕ ಮಿಷಿನ್ ಶುರುವಾಗಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಸೀಗೆ ತಂದವರನ್ನು ಅಕ್ಕ ಬಾಗಿಲಲ್ಲೇ ವಾಪಸು ಕಳಿಸಿದರು. ತಲೆ ತೋರಿಸಲು ಬಂದವರ ಮುಂದೆ ಕೈ ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡು ನಿಲ್ಲುತ್ತಿದ್ದರು. ಬಾಯಲ್ಲಿ ಹೇಳುತ್ತಿದ್ದರು, ಮೆಂತ್ಯ, ಮೊಸರು, ಬೇವು ಎಲ್ಲ ಹಾಗೇ, ಆದರೆ ಮುಟ್ಟುತ್ತಿರಲಿಲ್ಲ. ಮುಟ್ಟದವರ ಮಾತನ್ನು ಜನ ಎಷ್ಟು ದಿನ ಕೇಳುತ್ತಾರೆ? ಖಾರದ ಕೈಯವಳು ಅಂತ ಬೀದಿಯಲ್ಲಿ ಹೆಸರಾಯಿತು. ಹಿಂದಿನ ಬೀದಿಯಲ್ಲಿ ಹೊಸ ಮಿಲ್ಲು ಬಂತು, ರಾಗಿಯೂ ಅಲ್ಲಿಗೇ ಹೋಯಿತು. ನಾನು ಮೇಲೆ ಕೂತು ಕೆಳಗಿನ ಮಿಷಿನ್ ದಿನದಿನಕ್ಕೆ ಕಡಿಮೆ ಹೊತ್ತು ಓಡುವುದನ್ನು ಕೇಳಿಸಿಕೊಳ್ಳುತ್ತಿದ್ದೆ.

ಹೇಳಬಹುದಿತ್ತು. ಪ್ರತಿ ದಿನವೂ ಹೇಳಬಹುದಿತ್ತು. ಹೇಳದೆ ಇದ್ದದ್ದಕ್ಕೆ ನಾನು ಕಂಡುಕೊಂಡ ಸಮಾಧಾನ ಇದು: ಅಕ್ಕನಿಗೆ ಎಲ್ಲ ಗೊತ್ತಾಗಿದೆ. ಅಷ್ಟು ತಲೆ ನೋಡಿದವರಿಗೆ ನನ್ನ ಮುಖ ಓದಲು ಬಾರದೇ? ಗೊತ್ತಿದ್ದೂ ನನ್ನನ್ನು ಕಾಪಾಡಲು ಸುಮ್ಮನಿದ್ದಾರೆ, ಕ್ಷಮಿಸಿದ್ದಾರೆ. ಹೀಗೆ ಅಂದುಕೊಂಡ ಮೇಲೆ ಎಲ್ಲದರಲ್ಲೂ ಅದೇ ಕಂಡಿತು. ಅವರೆಕಾಯಿ ಹುಳಿ ಮೇಲಕ್ಕೆ ಕಳಿಸಿದರೆ ಕ್ಷಮೆ, ಮೆಟ್ಟಿಲಲ್ಲಿ ನಕ್ಕರೆ ಕ್ಷಮೆ. ನನಗೆ ಹಾಸನಕ್ಕೆ ವರ್ಗವಾದಾಗ ಬಸ್‌ಸ್ಟ್ಯಾಂಡಿಗೆ ಬಂದು, ಒದ್ದೆ ತಲೆ ಗಂಟು ಕಟ್ಟಬೇಡ ಅಂದರು. ನಾನು ಕಿಟಕಿಯಲ್ಲಿ ಮುಖ ಇಟ್ಟು ದಾರಿಯುದ್ದಕ್ಕೂ ಅತ್ತೆ. ಎಂಥ ದೊಡ್ಡ ಮನಸ್ಸು ಅಂದುಕೊಂಡು ಅತ್ತೆ, ನಾಚಿಕೆಯಿಂದಲ್ಲ.

ಮಿಲ್ಲು ಮುಚ್ಚಿ ಅವರು ಚನ್ನರಾಯಪಟ್ಟಣದ ತಂಗಿಯ ಮನೆ ಸೇರಿದರು. ಒಂದು ಸಲ ಹೋಗಿ ನೋಡಿಬಂದೆ. ಈ ಸಲ ಹೇಳಿಯೇ ಬಿಡುತ್ತೇನೆ ಅಂತ ಹೋದದ್ದು. ಜಗಲಿಯಲ್ಲಿ ಕೂತು ಇಬ್ಬರೂ ಕಡಲೆಕಾಯಿ ಸುಲಿದೆವು. ನನ್ನ ತಲೆ ಹೇಗಿದೆ ಅಂತ ಕೇಳಿದರು, ಚೆನ್ನಾಗಿದೆ ಅಂದೆ, ತೋರಿಸಲು ಬಗ್ಗಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಹೇಳಲಿಲ್ಲ, ಸಂಜೆ ಬಸ್ಸಿಗೆ ವಾಪಸು ಬಂದೆ.

ಅಕ್ಕನ ತಿಥಿ ಕಳೆದು ನಾಲ್ಕು ದಿನಕ್ಕೆ ಮತ್ತೆ ಅದೇ ಜಗಲಿಗೆ ಹೋದೆ. ಅಕ್ಕನ ತಂಗಿಯೂ ಅಕ್ಕನ ಹಾಗೇ ಗಿಡ್ಡ, ಅದೇ ದಪ್ಪ ಗಂಟಲು. ಕಾಫಿ ಕೊಟ್ಟು ಎದುರಿಗೆ ಕೂತರು. ಅಕ್ಕ ನನ್ನ ವಿಷಯ ಏನಾದರೂ ಹೇಳುತ್ತಿದ್ದರಾ ಅಂತ ಕೇಳಿದೆ. ಕೇಳುವಾಗಲೂ ನನಗೆ ಬೇಕಾಗಿದ್ದದ್ದು ಆ ಕ್ಷಮೆಯೇ, ಯಾರ ಬಾಯಿಂದಲಾದರೂ ಒಂದು ಸಲ ಕೇಳಿಬಿಡಬೇಕಾಗಿತ್ತು.

"ಯೋಳ್ದೆ ಇರ್ತಾಳಾ? ಸಾಯೋಗಂಟ ಅದೊಂದೇ ಮಾತು," ಅಂದರು ಆಕೆ. "ಆ ಮಗಾ ಎರಡ್ ಸಲ ನುಚ್ಚು ಓಡ್ಸವ್ಳೆ, ಅವ್ಳು ಸುಳ್ಳೇಳಾಕಿಲ್ಲ ಅಂತ. ಅಂದ್ಮ್ಯಾಲೆ ಖಾರ ಮಿಷಿನ್ನಾಗಿರ್ನಿಲ್ಲ. ಸುಕ್ರಾರ ಖಾರ ಬೀಸಿ, ಅದೇ ಕೈಲಿ ಆ ಕೂಸಿನ್ ಸೀಗೆ ಕಲ್ಸಿದ್ನಲ್ಲ, ನನ್ ಕೈಲೇ ಇತ್ತು ಅಂತ. ಕೈ ತ್ವಳ್ದಿದ್ದೆ ಅಂತಾಳೆ, ಆಮೇಲೆ ತ್ವಳ್ದಿದ್ನೋ ಇಲ್ವೋ ಅಂತಾಳೆ. ಇಲ್ಲಿಗ್ ಬಂದ್ಮ್ಯಾಲೆ ನನ್ ಮೊಮ್ಮಕ್ಳ ತಲೆನೂ ಒಂದಿನ ಮುಟ್ನಿಲ್ಲ ಕಣವ್ವ."

ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ನನ್ನನ್ನು ಕ್ಷಮಿಸಿರಲಿಲ್ಲ, ಕ್ಷಮಿಸುವುದಕ್ಕೆ ಏನಾದರೂ ಇದೆ ಅಂತಲೇ ಅವರಿಗೆ ತಿಳಿದಿರಲಿಲ್ಲ. ನನ್ನ ಮಾತನ್ನು ನಂಬಿದ್ದರು, ನಂಬಿ ತಮ್ಮ ಕೈಯನ್ನೇ ನಂಬದೆ ಹೋಗಿದ್ದರು.

ಕಾಫಿ ಲೋಟ ಕೆಳಗಿಟ್ಟೆ. ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಕರೆಂಟು ಹೋಗುವುದರಲ್ಲಿತ್ತು, ನುಚ್ಚಿನ ಡಬ್ಬಕ್ಕೆ ಕೈ ಹಾಕಿದವಳು ಹಿಂದಕ್ಕೆ ತೆಗೆದೆ, ಒಂದು ಸಲವೂ ಓಡಿಸಲಿಲ್ಲ, ಅಕ್ಕನ ಕೈಯಲ್ಲಿ ಏನೂ ಇರಲಿಲ್ಲ ಅಂದೆ. ಆಕೆ ಬೈಯುತ್ತಾರೆ, ಎದ್ದು ಹೋಗು ಅನ್ನುತ್ತಾರೆ ಅಂದುಕೊಂಡಿದ್ದೆ. ಆಕೆ ನಾನು ಕೆಳಗಿಟ್ಟ ಲೋಟ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ ಅಂದರು.

"ಇದ ಅವ್ಳಿಗ್ ಯೋಳ್ಬೇಕಿತ್ತು ಕಣವ್ವ. ನಾನ್ ಕೇಳ್ಕಂಡ್ ಏನ್ ಮಾಡ್ಲಿ."